ಮೂರು ಕಡೆ ನಿಂತ ಕೈ

ಮೈಸೂರು
೧೨ ಫೆಬ್ರವರಿ ೧೯೫೪

ಮಡಿಕೇರಿಯ ಗೋಮತಿಯವರಿಗೆ ಕೆಂಪಣ್ಣ ಮಾಡುವ ನಮಸ್ಕಾರಗಳು.

ನನ್ನ ಗುರುತು ನಿಮಗಿಲ್ಲ. ಊರು ಶಿರಂಗಾಲ. ಮನೆಯವರೆಲ್ಲ ಅಲ್ಲಿ ಬೇಸಾಯ ಮಾಡಿಕೊಂಡು ನೆಟ್ಟಗಿದ್ದಾರೆ. ನಾನೊಬ್ಬ ಮಾತ್ರ ನೇಗಿಲು ಹಿಡಿಯದೆ ಮೈಸೂರಿಗೆ ಬಂದು ಫೋಟೋ ಸ್ಟುಡಿಯೋ ಇಟ್ಟೆ. ಹನ್ನೆರಡು ವರ್ಷ ಮದುಮಕ್ಕಳನ್ನು ಕುರ್ಚಿಯಲ್ಲಿ ಕೂರಿಸಿ "ಸ್ವಲ್ಪ ನಗಿ" ಎಂದು ಗೋಗರೆದು ಸಾಕಾಗಿ, ಈಗ ಮೂವರು ಗೆಳೆಯರ ಜೊತೆ ಸೇರಿ ಒಂದು ಸಿನಿಮಾ ತೆಗೆಯುತ್ತಿದ್ದೇನೆ. ಕ್ಯಾಮೆರಾ ಬಾಡಿಗೆಯದು, ಸೀರೆಗಳು ನಾಟಕ ಕಂಪನಿಯವು, ಬಂಗಲೆ ಕಕ್ಕಬೆಯ ಒಬ್ಬ ಪುಣ್ಯಾತ್ಮರು ಹದಿನೈದು ದಿನಕ್ಕೆ ಬಿಟ್ಟುಕೊಟ್ಟದ್ದು. ಕಥೆಯೊಂದು ಮಾತ್ರ ಸ್ವಂತದ್ದು.

ಒಬ್ಬಳು ವೀಣೆ ಬಾರಿಸುವ ಹೆಂಗಸು. ಅವಳು ಬಾರಿಸಲು ಕೂತಾಗಲೆಲ್ಲ ಪಕ್ಕದ ಕೋಣೆಯಿಂದ ಇನ್ನೊಂದು ವೀಣೆ ಕೇಳಿಸುತ್ತದೆ. ಬಾಗಿಲು ತೆರೆದರೆ ಕೋಣೆ ಖಾಲಿ. ಮನೆಯವರು ಅವಳಿಗೆ ಬುದ್ಧಿ ಕೆಟ್ಟಿದೆ ಎನ್ನುತ್ತಾರೆ. ಅವಳು ಆ ನಾದವನ್ನು ಹುಡುಕಿಕೊಂಡು ಬೆಟ್ಟ ಹತ್ತಿ ಹೋಗಿಬಿಡುತ್ತಾಳೆ. ಸಿನಿಮಾದ ಹೆಸರು "ಪಕ್ಕದ ಕೋಣೆ".

ನಾಯಕಿ ಪ್ರೇಮಾವತಿ ನಾಟಕ ಕಂಪನಿಯಲ್ಲಿ ಬೆಳೆದವಳು, ನೋಡುವವರನ್ನು ಕಣ್ಣಲ್ಲೇ ಅಳಿಸಬಲ್ಲಳು. ಆದರೆ ಕೈಗೆ ವೀಣೆ ಕೊಟ್ಟರೆ ಕುಂಬಳಕಾಯಿ ಹೆಚ್ಚಲು ಕೂತ ಹಾಗೆ ಕಾಣುತ್ತಾಳೆ. ಅದಕ್ಕೇ ನನಗೊಂದು ಜೊತೆ ಕೈ ಬೇಕಾಗಿದೆ. ಮಡಿಕೇರಿಯಲ್ಲಿ ಯಾರೋ ನಿಮ್ಮ ಹೆಸರು ಹೇಳಿದರು. ಮುಖ ಬರುವುದಿಲ್ಲ. ಹೆಸರು ಬೇಡವೆಂದರೆ ಅದೂ ಇಲ್ಲ. ಒಂದು ದಿನದ ಕೆಲಸ. ಒಪ್ಪಿದರೆ ಈ ಬಡಪಾಯಿ ಬದುಕಿಕೊಳ್ಳುತ್ತಾನೆ.

ಕೆಂಪಣ್ಣ


ಮಡಿಕೇರಿ
೨೩ ಫೆಬ್ರವರಿ ೧೯೫೪

ಶ್ರೀ ಕೆಂಪಣ್ಣನವರಿಗೆ ನಮಸ್ಕಾರ.

ಪತ್ರ ತಲುಪಿತು. ನಾನು ವೀಣೆ ಮುಟ್ಟಿ ಮೂರು ವರ್ಷವಾಯಿತು. ನನ್ನ ಹೆಸರು ಹೇಳಿದವರು ಇದನ್ನೂ ಹೇಳಬೇಕಿತ್ತು. ಬೇರೆ ಏನನ್ನಾದರೂ ಹೇಳಿದ್ದರೂ ಆಶ್ಚರ್ಯವಿಲ್ಲ. ಈ ಊರಿನಲ್ಲಿ ನನ್ನ ಬಗ್ಗೆ ಎಲ್ಲರ ಹತ್ತಿರವೂ ಒಂದೊಂದು ಮಾತಿದೆ.

ನಿಮ್ಮ ಪತ್ರವನ್ನು ಮೊದಲು ಓದಿದವನು ನನ್ನ ಅಣ್ಣ ವೆಂಕಟಕೃಷ್ಣ. ಇಲ್ಲಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ತಂದೆಯವರು ಹೋದ ಮೇಲೆ ಮನೆ ಅವನ ತಲೆಯ ಮೇಲಿದೆ. "ಕೈ ಮಾತ್ರ ಅಲ್ವಾ, ಹೋಗಿ ಬಾ. ಜನರ ಮುಂದೆ ಕೂತು ಬಾರಿಸೋದು ಮಾತ್ರ ಇನ್ನು ಬೇಡ" ಎಂದ. ಸೋದರತ್ತೆ ಕಾಮಾಕ್ಷಮ್ಮ ನನ್ನ ಜೊತೆ ಬರುತ್ತಾರೆ.

ಎರಡು ವಿಷಯ ಕೇಳಬೇಕು. ನಾನು ಬಾರಿಸಿದ್ದು ಯಾರಿಗಾದರೂ ಕೇಳಿಸಬೇಕೇ? ಕೇಳಿಸಬೇಕಾದರೆ ನಾನು ಬರುವುದಿಲ್ಲ. ಇನ್ನೊಂದು, ಈ ಕಥೆ ನಿಮಗೆ ಎಲ್ಲಿ ಸಿಕ್ಕಿತು?

ಗೋಮತಿ


ಮೈಸೂರು
೧ ಮಾರ್ಚ್ ೧೯೫೪

ಗೋಮತಿಯವರಿಗೆ ನಮಸ್ಕಾರಗಳು.

ಬದುಕಿಸಿದಿರಿ. ಶಬ್ದದ ಚಿಂತೆಯೇ ಬೇಡ. ನಮ್ಮ ಬಾಡಿಗೆ ಕ್ಯಾಮೆರಾಕ್ಕೆ ಕಿವಿಯಿಲ್ಲ, ಬರೀ ಕಣ್ಣು. ಮಾತು, ಸಂಗೀತ ಎಲ್ಲವನ್ನೂ ಆಮೇಲೆ ಮೈಸೂರಿನಲ್ಲಿ ಸೇರಿಸುತ್ತೇವೆ. ಸ್ಟುಡಿಯೋದ ವಿದ್ವಾಂಸರೊಬ್ಬರು ನಿಮ್ಮ ಬೆರಳು ನೋಡಿಕೊಂಡು ಬಾರಿಸುತ್ತಾರೆ. ನೀವು ಶ್ರುತಿ ಮಾಡುವ ಗೋಜಿಗೂ ಹೋಗಬೇಡಿ. ನಮ್ಮಲ್ಲಿರುವ ನಾಟಕದ ವೀಣೆಯ ಬಿರಡೆಗಳು ತಿರುಗಿಸಿದಷ್ಟೂ ತಿರುಗುತ್ತವೆ, ಒಂದೂ ನಿಲ್ಲುವುದಿಲ್ಲ. ಬೆರಳು ವೀಣೆಯ ಮೆಟ್ಟಿಲುಗಳ ಮೇಲೆ ಓಡಾಡಿದರೆ ಸಾಕು.

ಕಥೆ ನನ್ನದೇ. ಹೀಗೇ ಒಂದು ಸಂಜೆ ಹೊಳೆಯಿತು.

ಇಪ್ಪತ್ತನೇ ತಾರೀಖಿಗೆ ಕಕ್ಕಬೆಗೆ ಬನ್ನಿ. ವಿರಾಜಪೇಟೆಯಿಂದ ಮುಂದಕ್ಕೆ ಜೀಪು ಕಳಿಸುತ್ತೇನೆ. ಹೂಮಳೆ ಬಿದ್ದಿದೆಯಂತೆ, ನೀವು ಬರುವ ಹೊತ್ತಿಗೆ ಕಾಫಿ ತೋಟವೆಲ್ಲ ಹೂ ಬಿಟ್ಟು ಬೆಳ್ಳಗಿರುತ್ತದೆ. ಅತ್ತೆಯವರಿಗೆ ಮಡಿ ಅಡುಗೆಯ ಏರ್ಪಾಡು ಮಾಡಿದ್ದೇನೆ.

ಕೆಂಪಣ್ಣ


ಮಡಿಕೇರಿ
೪ ಏಪ್ರಿಲ್ ೧೯೫೪

ಕೆಂಪಣ್ಣನವರಿಗೆ ನಮಸ್ಕಾರ.

ಬಂದು ಹದಿನೈದು ದಿನವಾದರೂ ನಾನು ಇನ್ನೂ ಕಕ್ಕಬೆಯಿಂದ ಪೂರ್ತಿ ವಾಪಸಾಗಿಲ್ಲ. ಅತ್ತೆ ಕರೆದರೆ ಎರಡನೇ ಸಲಕ್ಕೆ ಓಗೊಡುತ್ತೇನೆ. ಸೀರೆಗೆ ಹತ್ತಿದ ಕಾಫಿ ಹೂವಿನ ಘಮ ಒಗೆದರೂ ಹೋಗಿಲ್ಲ.

ಹಗಲು ಹನ್ನೊಂದು ಗಂಟೆಗೆ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ ನೀವು ರಾತ್ರಿ ಮಾಡಿದಿರಿ. ಹೊರಗೆ ಜೇನ್ನೊಣ ಗುಂಯ್ ಎನ್ನುತ್ತಿತ್ತು, ಒಳಗೆ ದೀಪ ಉರಿಯುತ್ತಿತ್ತು. ಪ್ರೇಮಾವತಿ ತನ್ನ ಬಳೆಗಳನ್ನು ಒಂದೊಂದಾಗಿ ಬಿಚ್ಚಿ ನನ್ನ ಕೈಗೆ ತೊಡಿಸಿದರು. ಅಂಗೈಗೆ ಅಂಗೈ ಇಟ್ಟು ಅಳತೆ ನೋಡಿ, "ಅಕ್ಕಾ, ಇವತ್ತಿಂದ ಇವು ನನ್ನ ಕೈ. ಮನೇಗೆ ಹೋದ್ಮೇಲೆ ಸುಮ್ನೆ ಪಾತ್ರೆ ಗೀತ್ರೆ ತಿಕ್ಕಿ ಹಾಳು ಮಾಡ್ಬೇಡಿ" ಎಂದರು. ನಾನು ನಕ್ಕೆ. ಬಹಳ ದಿನಗಳ ಮೇಲೆ ನಕ್ಕಿದ್ದರಿಂದ ಅತ್ತೆ ಗಾಬರಿಯಾಗಿ ತಿರುಗಿ ನೋಡಿದರು.

ಅವರ ಸೀರೆ ಉಟ್ಟು, ಅವರು ಎದ್ದ ಚಾಪೆಯ ಮೇಲೆ ಕೂತಾಗ ಅದು ಇನ್ನೂ ಬೆಚ್ಚಗಿತ್ತು. ಸಡಿಲ ತಂತಿಗಳಿಂದ ನಾದ ಬರಲೇ ಇಲ್ಲ, ಬರೀ ಥಪ್ ಥಪ್. ಅದು ನನಗೆ ಒಳ್ಳೆಯದೇ ಆಯಿತು. ಯಾರಿಗೂ ಕೇಳಿಸದೆ ಬಾರಿಸುವುದು ಕನಸಿನಲ್ಲಿ ಬಾರಿಸಿದ ಹಾಗೆ, ತಪ್ಪಾದರೂ ಎಚ್ಚರವಾದರೆ ಮುಗಿಯಿತು. ಅಂದು ನನಗೆ ತುಂಬ ಸಂತೋಷವಾಗಿತ್ತು. ಇದನ್ನು ಮನೆಯಲ್ಲಿ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ನಾನು ಬಾರಿಸಿದ್ದು ಏನೆಂದು ಮಾತ್ರ ಕೇಳಬೇಡಿ.

ಗೋಮತಿ


ಮೈಸೂರು
೧೮ ಮೇ ೧೯೫೪

ಗೋಮತಿಯವರಿಗೆ ನಮಸ್ಕಾರಗಳು.

ಕೇಳಬೇಡಿ ಎಂದಿರಿ. ಕೇಳದೆ ಗತಿಯಿಲ್ಲ.

ಫಿಲ್ಮು ತೊಳೆದು ಬಂತು. ಕತ್ತಲಲ್ಲಿ ಕೂತು ನೋಡುವಾಗ ನಮ್ಮ ಗೆಳೆಯರೆಲ್ಲ ಬೀಡಿ ಸೇದುವುದನ್ನೂ ಮರೆತರು. ದೀಪದ ಬೆಳಕಿನಲ್ಲಿ ಆ ಎಡಗೈ ಇಳಿದು ಬರುವುದಿದೆಯಲ್ಲ, ಇಡೀ ಸಿನಿಮಾದಲ್ಲಿ ಅದೊಂದೇ ನಿಜ. ಉಳಿದದ್ದೆಲ್ಲ ನಮ್ಮ ಹಾರಾಟ.

ತೊಂದರೆ ಸ್ಟುಡಿಯೋದ ವಿದ್ವಾಂಸರಿಂದ ಶುರುವಾಯಿತು. ಐದು ದಿನ ಪರದೆಯ ಮುಂದೆ ವೀಣೆ ಹಿಡಿದು ಕೂತರು. ಬೆರಳು ಹೋದಲ್ಲಿಗೆಲ್ಲ ಅವರೂ ಹೋಗುತ್ತಾರೆ, ಆದರೆ ಮೂರು ಕಡೆ ನಿಮ್ಮ ಕೈ ನಿಂತುಬಿಡುತ್ತದೆ. ಬಲಗೈ ತಂತಿ ಬಿಟ್ಟು ಮಡಿಲಲ್ಲಿ, ಎಡಗೈ ಮೆಟ್ಟಿಲ ಮೇಲೆ ಹಾಗೇ. "ಇದು ಯಾವ ಸಂಪ್ರದಾಯವಯ್ಯಾ, ಈಯಮ್ಮ ಮರೆತು ಕೂತಿದ್ದಾರೆ" ಎಂದು ಅವರು ರೇಗಿದರು. ನನಗೂ ಹಾಗೇ ಅನ್ನಿಸಿತು. ಮೂರು ವರ್ಷ ಬಿಟ್ಟವರು, ದೀಪ, ಜನ, ಕ್ಯಾಮೆರಾ ಎಲ್ಲ ಸೇರಿ ದಿಗಿಲಾಗಿರಬೇಕು. ನಾಚಿಕೆ ಪಡಬೇಡಿ, ಎಲ್ಲರಿಗೂ ಆಗುವಂಥದ್ದೇ. ಆ ಮೂರು ಜಾಗ ಕತ್ತರಿಸಿ ಜೋಡಿಸಿದ್ದೇನೆ, ಈಗ ಎಲ್ಲೂ ತಡವರಿಕೆ ಕಾಣುವುದಿಲ್ಲ.

ಯಾವ ರಾಗ, ಯಾವ ಕೃತಿ ಎಂದು ಒಂದು ಸಾಲು ಬರೆದರೆ ವಿದ್ವಾಂಸರಿಗೆ ಉಪಕಾರವಾಗುತ್ತದೆ.

ಕೆಂಪಣ್ಣ


ಮೈಸೂರು
೨ ಜುಲೈ ೧೯೫೪

ಗೋಮತಿಯವರಿಗೆ,

ಆರು ವಾರವಾಯಿತು. ಟಪಾಲಿನವನು ನನ್ನ ಮುಖ ನೋಡಿದರೆ ಸಾಕು, ತಾನೇ "ಇಲ್ಲ ಸಾರ್" ಎನ್ನುತ್ತಾನೆ. ಮಳೆಗೆ ಪತ್ರವೇ ತಲುಪಲಿಲ್ಲವೋ, ತಲುಪಿ ಸಿಟ್ಟು ಬಂತೋ ತಿಳಿಯದು. ವಿದ್ವಾಂಸರು ಕೈಮುಗಿದು ಹೋದರು. ನಿಮ್ಮ ಕೈಗೆ ಶಬ್ದವಿಲ್ಲದೆ ಸಿನಿಮಾ ಅಲ್ಲೇ ನಿಂತಿದೆ. ಏನಾದರೂ ಬರೆಯಿರಿ. ಬೈದಾದರೂ ಬರೆಯಿರಿ.

ಕೆಂಪಣ್ಣ


ಮಡಿಕೇರಿ
೧೧ ಜುಲೈ ೧೯೫೪

ಕೆಂಪಣ್ಣನವರಿಗೆ,

ಕತ್ತರಿಸಿದ್ದನ್ನು ಬಿಸಾಡಿದಿರಾ? ಬಿಸಾಡದಿದ್ದರೆ ದಯವಿಟ್ಟು ಮತ್ತೆ ಜೋಡಿಸಿ. ಅದು ಮರೆವಲ್ಲ, ದಿಗಿಲೂ ಅಲ್ಲ.

ನನಗೊಬ್ಬಳು ತಂಗಿಯಿದ್ದಳು. ಮೂಕಾಂಬಿಕಾ. ನಾವು ಅಂಬಿ ಎನ್ನುತ್ತಿದ್ದೆವು. ತಂದೆಯವರು ನಮ್ಮಿಬ್ಬರಿಗೆ ವೀಣೆ ಕಲಿಸಿದ್ದು ಒಂದು ವಿಚಿತ್ರ ಕ್ರಮದಲ್ಲಿ. ಬೆಳಗಿನ ಪಾಠದ ಕೊನೆಗೆ ಅವರೇ ಕಟ್ಟಿದ ಒಂದು ರಚನೆ ಬಾರಿಸಬೇಕು. ನನ್ನದು ಕೇಳುವ ಪಾಲು, ಅವಳದು ಹೇಳುವ ಪಾಲು. ನಾನು ಒಂದು ಸಾಲು ಬಾರಿಸಿ ನಿಲ್ಲಿಸಬೇಕು, ಅವಳು ಉತ್ತರ ಕೊಡಬೇಕು. ಹೀಗೆ ಮೂರು ಸಲ. ಒಬ್ಬರ ಪಾಲನ್ನು ಇನ್ನೊಬ್ಬರು ಬಾರಿಸಕೂಡದೆಂದು ಕಟ್ಟಪ್ಪಣೆ. "ಇಬ್ಬರೂ ಎರಡನ್ನೂ ಕಲಿತರೆ ಒಬ್ಬರಿಗೊಬ್ಬರು ಬೇಡವಾಗ್ತೀರಿ" ಎನ್ನುತ್ತಿದ್ದರು.

ಐವತ್ತನೇ ಇಸವಿಯಲ್ಲಿ ಅಂಬಿ ಚಳಿಜ್ವರದಿಂದ ಹೋದಳು. ಹತ್ತೊಂಬತ್ತು ವರ್ಷ. ಮರುವರ್ಷ ಮಡಿಕೇರಿಯ ಒಂದು ಸಭೆಯಲ್ಲಿ ನಾನು ಒಬ್ಬಳೇ ಆ ರಚನೆ ಬಾರಿಸಲು ಕೂತೆ. ಮೊದಲ ಸಾಲು ಮುಗಿಸಿ ನಿಲ್ಲಿಸಿದೆ. ಕಾದೆ. ಅವಳು ಬಾರಿಸಲಿಲ್ಲ. ಅವಳು ಬಾರಿಸದೆ ನಾನು ಮುಂದಕ್ಕೆ ಹೇಗೆ ಹೋಗಲಿ? ಜನ ಕೆಮ್ಮಿದರು, ಆಮೇಲೆ ಒಬ್ಬೊಬ್ಬರಾಗಿ ಎದ್ದರು. ಕೊನೆಗೆ ಅಣ್ಣ ವೇದಿಕೆ ಹತ್ತಿ ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿದ. ಅಂದಿನಿಂದ ನಾನು ಊರಿಗೆ ಹುಚ್ಚಿ.

ನಿಮ್ಮ ಸದ್ದಿಲ್ಲದ ವೀಣೆಯ ಮೇಲೆ ಅಂದು, ಅಂಬಿ ಹೋದ ಮೇಲೆ ಮೊದಲ ಬಾರಿಗೆ, ಅದನ್ನು ಕೊನೆಯವರೆಗೂ ಬಾರಿಸಿದೆ. ಅವಳಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬಿಟ್ಟುಕೊಟ್ಟು ಮುಂದಕ್ಕೆ ಹೋದೆ. ನೀವು ಕತ್ತರಿಸಿದ್ದು ನನ್ನ ತಂಗಿಯ ಪಾಲನ್ನು.

ಗೋಮತಿ


ಮೈಸೂರು
೧೭ ಜುಲೈ ೧೯೫೪

ಗೋಮತಿಯವರಿಗೆ,

ಕತ್ತರಿಸಿದ ತುಂಡುಗಳು ಒಂದು ದಿಂಬಿನ ಚೀಲದಲ್ಲಿದ್ದವು. ಬಿಸಾಡಿರಲಿಲ್ಲ, ನಮ್ಮಂಥವರು ಏನನ್ನೂ ಬಿಸಾಡುವುದಿಲ್ಲ. ನಿಂತ ಕೈಯ ಚಿತ್ರಗಳೆಲ್ಲ ಒಂದೇ ಥರ ಇರುತ್ತವೆ, ಯಾವ ತುಂಡು ಯಾವ ಜಾಗದ್ದೆಂದು ತಲೆಬುಡ ತಿಳಿಯಲಿಲ್ಲ. ಎರಡು ದಿನ ಭೂತಗನ್ನಡಿ ಹಿಡಿದು ಕೂತ ಮೇಲೆ ಕಂಡಿತು. ಕಂಬಳಿಯ ಸಂದಿಯಿಂದ ಒಂದು ಬಿಸಿಲಿನ ಗೆರೆ ಒಳಗೆ ಬಂದಿತ್ತು. ಅದು ಮೆಟ್ಟಿಲುಗಳ ಮೇಲೆ ಚೂರು ಚೂರೇ ಸರಿದಿದೆ. ಅದನ್ನು ಹಿಡಿದುಕೊಂಡು ಮೂರನ್ನೂ ಅವುಗಳ ಜಾಗಕ್ಕೆ ಸೇರಿಸಿದೆ. ಅಂಬಿಯವರ ಪಾಲು ಪೂರ್ತಿ ಇದೆ.

ಇನ್ನು ನನ್ನ ತಪ್ಪು. ಕಥೆ ಎಲ್ಲಿ ಸಿಕ್ಕಿತೆಂದು ಕೇಳಿದ್ದಿರಿ, ನಾನು ಸುಳ್ಳು ಬರೆದೆ. ಆ ಸಭೆಗೆ ಫೋಟೋ ತೆಗೆಯಲು ಬಂದವನು ನಾನೇ. ನೀವು ನಿಲ್ಲಿಸಿದಾಗ ಎಲ್ಲರೂ ಎದ್ದು ಹೋದರು, ನಾನು ಹೋಗಲಿಲ್ಲ. ನಿಮ್ಮ ಮುಖ ನೋಡಿ, ಈಕೆಗೆ ಏನೋ ಕೇಳಿಸುತ್ತಿದೆ, ನಮಗೆ ಕೇಳಿಸದ್ದು ಎಂದುಕೊಂಡೆ. ಮೂರು ವರ್ಷ ಅದೇ ತಲೆಯಲ್ಲಿ ಸುತ್ತಿ "ಪಕ್ಕದ ಕೋಣೆ" ಆಯಿತು. ನಿಮಗೆ ಏನೂ ಕೇಳಿಸುತ್ತಿರಲಿಲ್ಲ ಎಂದು ಈಗ ತಿಳಿಯಿತು. ನಿಮ್ಮ ದುಃಖವನ್ನು ಕೇಳದೆ ತೆಗೆದುಕೊಂಡು, ಅದರಲ್ಲಿ ನಟಿಸಲು ನಿಮ್ಮನ್ನೇ ಕರೆದೆ. ನನಗೆ ನಾಚಿಕೆಯಾಗಿದೆ.

ಇಷ್ಟಾದ ಮೇಲೂ ಒಂದು ಕೇಳುತ್ತೇನೆ. ಇಲ್ಲಿಗೆ ಬಂದು ಶಬ್ದವನ್ನು ನೀವೇ ಕೊಡಿ. ನಿಮ್ಮ ಪಾಲನ್ನು ಮೊದಲು ಹಿಡಿಯೋಣ. ಆಮೇಲೆ ಅದನ್ನು ಕೇಳಿಸುತ್ತ ಅಂಬಿಯವರ ಪಾಲನ್ನೂ ನೀವೇ ಬಾರಿಸಿ, ಎರಡನ್ನೂ ಕೂಡಿಸಲು ಇಲ್ಲಿ ಯಂತ್ರವಿದೆ. ಕೋಣೆಯಲ್ಲಿ ಯಾರೂ ಇರುವುದಿಲ್ಲ.

ಕೆಂಪಣ್ಣ


ಮಡಿಕೇರಿ
೩ ನವೆಂಬರ್ ೧೯೫೪

ಕೆಂಪಣ್ಣನವರಿಗೆ,

ನಿಮ್ಮ ಜುಲೈ ಪತ್ರಕ್ಕೆ ಉತ್ತರ ಬರೆಯದೆ ಮೂರು ತಿಂಗಳು ಕಳೆದೆ. ಸಿಟ್ಟು ಬಂದಿತ್ತು. ಬರಬಾರದೆಂದು ಹಟ ಹಿಡಿದು, ಕೊನೆಗೆ ಕಣ್ಣಿನ ಡಾಕ್ಟರ ನೆಪ ಹೇಳಿ, ಅತ್ತೆಯನ್ನು ಕಟ್ಟಿಕೊಂಡು ಮೈಸೂರಿನ ಬಸ್ಸು ಹತ್ತಿದೆ. ಎರಡು ವೀಣೆ ಒಟ್ಟಿಗೆ ಕೇಳುವ ಆಸೆ ಸಿಟ್ಟಿಗಿಂತ ದೊಡ್ಡದಿತ್ತು.

ನೀವು ಗಾಜಿನ ಆಚೆಯಿಂದ ಕಂಡದ್ದು ಇಷ್ಟೇ. ನಾನು ನನ್ನ ಪಾಲನ್ನು ಸರಾಗವಾಗಿ ಬಾರಿಸಿದೆ. ಅದನ್ನು ನೀವು ತಿರುಗಿ ಹಾಕಿದಿರಿ. ನಾನು ವೀಣೆಯ ಮೇಲೆ ಕೈಯಿಟ್ಟು ಕೂತೆ. ಆಮೇಲೆ ತಲೆನೋವೆಂದು ಎದ್ದು ಬಂದೆ. ತಲೆನೋವು ಇರಲಿಲ್ಲ.

ಕತ್ತಲ ಕೋಣೆಯಲ್ಲಿ ನನ್ನದೇ ವೀಣೆ ಎದುರಿಗೆ ಕೂತು ನನ್ನನ್ನು ಕೇಳಿತು. ಮೊದಲ ಸಾಲು ಮುಗಿದು ನಿಂತಿತು. ಈಗ ಅಂಬಿಯ ಪಾಲು. ನನ್ನ ಬೆರಳು ಎಲ್ಲಿಗೂ ಹೋಗಲಿಲ್ಲ. ನನಗೆ ಅದು ಗೊತ್ತಿರಲಿಲ್ಲ, ಕೆಂಪಣ್ಣನವರೇ. ಒಂದೇ ಒಂದು ಸ್ವರ ಗೊತ್ತಿರಲಿಲ್ಲ. ಹನ್ನೆರಡು ವರ್ಷ ಪ್ರತಿ ಬೆಳಿಗ್ಗೆ ಅವಳ ಪಕ್ಕದಲ್ಲಿ ಕೂತೆ. ಅವಳು ಬಾರಿಸುವಾಗ ನಾನು ತೊಡೆಯ ಮೇಲೆ ತಾಳ ಎಣಿಸುತ್ತಿದ್ದೆ, ನನ್ನ ಸಾಲು ಎಲ್ಲಿ ತಪ್ಪುತ್ತದೋ ಎಂಬ ಭಯಕ್ಕೆ. ಅವಳು ಶುರು ಮಾಡಿದ್ದು ಗೊತ್ತು, ಮುಗಿಸಿದ್ದು ಗೊತ್ತು. ನಡುವೆ ಬಾರಿಸಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಅವಳು ಸತ್ತಾಗ ಅತ್ತದ್ದಕ್ಕಿಂತ ಹೆಚ್ಚು ಆ ದಿನ ವಾಪಸು ಬರುವ ಬಸ್ಸಿನಲ್ಲಿ ಅತ್ತುಬಿಟ್ಟೆ. ಇಷ್ಟು ವರ್ಷ ನಾನು ಕಾದದ್ದು ಯಾರಿಗೆ? ಬಂದಿದ್ದರೂ ಗುರುತು ಹಿಡಿಯುತ್ತಿರಲಿಲ್ಲ.

ಆ ಮೂರು ಜಾಗಗಳಿಗೆ ಏನನ್ನೂ ತುಂಬಬೇಡಿ. ಯಾವ ವಿದ್ವಾಂಸರಿಗೂ ಬಾರಿಸಲು ಹೇಳಬೇಡಿ. ಹಾಗೇ ಬಿಡಿ. ನಾನು ಕೇಳುತ್ತಿರುವುದು ಇಷ್ಟೇ.

ಗೋಮತಿ


ಮೈಸೂರು
೧೫ ನವೆಂಬರ್ ೧೯೫೪

ಗೋಮತಿಯವರಿಗೆ,

ನಾಲ್ಕು ಸಲ ಬರೆದು ಹರಿದೆ.

ಗೆಳೆಯರೆಲ್ಲ ಬೇಡ ಎಂದರು. ಟಾಕಿ ಎಂದು ಟಿಕೆಟು ಕೊಟ್ಟು ಮೂರು ಕಡೆ ಮೂಕಾದರೆ ಜನ ಕುರ್ಚಿ ಮುರಿಯುತ್ತಾರೆ, ಪಕ್ಕದ ಕೋಣೆಯ ವೀಣೆ ಕೇಳಿಸದಿದ್ದರೆ ಕಥೆಯೇ ಇಲ್ಲ ಎಂದರು. ಅವರು ಹೇಳುವುದು ಸರಿ. ಆದರೂ ಹಾಗೇ ಬಿಟ್ಟಿದ್ದೇನೆ. ಉಳಿದ ಕಡೆ ನೀವು ಇಲ್ಲಿ ಬಾರಿಸಿದ್ದೇ ಕೇಳಿಸುತ್ತದೆ. ಮೂರು ಜಾಗದಲ್ಲೂ ಬರೀ ನಿಮ್ಮ ಕೈ, ಆ ಬಿಸಿಲಿನ ಗೆರೆ. ಮಳೆಯ ಸದ್ದನ್ನೂ ಹಾಕಿಲ್ಲ.

ಮಾರ್ಚಿನಲ್ಲಿ ಮಡಿಕೇರಿಗೆ ಬರುತ್ತದೆ. ನೋಡಲೇಬೇಕೆಂದು ನಾನು ಹೇಳುವುದಿಲ್ಲ.

ಕೆಂಪಣ್ಣ


ಮಡಿಕೇರಿ
೨೭ ಮಾರ್ಚ್ ೧೯೫೫

ಪ್ರಿಯ ಕೆಂಪಣ್ಣನವರಿಗೆ,

ನಿಮ್ಮ ಸಿನಿಮಾ ಇಲ್ಲಿ ನಾಲ್ಕು ದಿನ ಓಡಿತು. ಎರಡನೆಯ ದಿನ, ಭಾನುವಾರ ಮಧ್ಯಾಹ್ನದ ಆಟಕ್ಕೆ ಅಣ್ಣನೇ ಕರೆದುಕೊಂಡು ಹೋದ. ಅವನು ಗಂಡಸರ ಕಡೆ, ನಾನೂ ಅತ್ತೆಯೂ ಹೆಂಗಸರ ಬೆಂಚಿನಲ್ಲಿ.

ಪ್ರೇಮಾವತಿ ಮುಖ ಎತ್ತಿದರೆ ಅವರು, ಕೈ ಇಳಿಸಿದರೆ ನಾನು. ನನಗೆ ನನ್ನ ಮೈಯನ್ನೇ ಸಾಲ ಕೊಟ್ಟು ಬಂದ ಹಾಗೆ ಹಗುರವೆನ್ನಿಸಿತು. ಆಮೇಲೆ ಕಂಬಳಿ ಕಟ್ಟಿದ ಆ ಕೋಣೆ ಬಂತು. ಮೊದಲ ಸಾಲು ಮುಗಿದು ಕೈ ನಿಂತಿತು. ನಿಮ್ಮ ಗೆಳೆಯರು ಹೇಳಿದ್ದು ಸುಳ್ಳಾಗಲಿಲ್ಲ. "ಸೌಂಡು, ಸೌಂಡು" ಎಂದು ಹಿಂದಿನವರು ಕೂಗಿದರು, ಶಿಳ್ಳೆ ಹಾಕಿದರು, ಯಂತ್ರದವನಿಗೆ ಬೈದರು. ನಾನು ತಲೆ ತಗ್ಗಿಸಿದೆ. ಆ ಸಭೆಯೇ ಇನ್ನೊಂದು ಸಲ ನಡೆಯುತ್ತಿದೆ ಎನ್ನಿಸಿತು.

ಆಗ ನನ್ನ ಹಿಂದಿನ ಬೆಂಚಿನಿಂದ ಯಾರೋ ಗುನುಗಿದರು. ಮುದಿ ಗಂಟಲು, ಶ್ರುತಿ ಅಷ್ಟಕ್ಕಷ್ಟೆ. ಆದರೆ ಪರದೆಯ ಮೇಲೆ ಕೈ ನಿಂತಾಗ ಶುರುವಾಗಿ, ಕೈ ಮತ್ತೆ ಏಳುವ ಹೊತ್ತಿಗೆ ಸರಿಯಾಗಿ ಮುಗಿಯಿತು. ಎರಡನೆಯ ಸಲ ಕೈ ನಿಂತಾಗ ಮತ್ತೆ ಗುನುಗಿದರು. ತಿರುಗಿ ನೋಡಿದರೆ ಬೊಳ್ಳಮ್ಮ. ನಾವು ಚಿಕ್ಕವರಿದ್ದಾಗ ನಮ್ಮ ಮನೆಗೆ ಹಾಲು ತರುತ್ತಿದ್ದ ಕೊಡವ ಮುದುಕಿ. ಹಾಲು ಅಳೆದುಕೊಟ್ಟ ಮೇಲೂ ಹಿತ್ತಲ ಮೆಟ್ಟಿಲಲ್ಲಿ ಕೂತು ಪಾಠ ಮುಗಿದ ಮೇಲೇ ಹೋಗುತ್ತಿದ್ದರಂತೆ. ನಮಗದು ಗೊತ್ತೇ ಇರಲಿಲ್ಲ.

ಆಟ ಬಿಟ್ಟ ಮೇಲೆ ಬಾಗಿಲಲ್ಲಿ ಅವರ ಕೈ ಹಿಡಿದುಕೊಂಡೆ. "ಅದೇನು ಗುನುಗಿದ್ದು ಬೊಳ್ಳಮ್ಮಾ?" ಎಂದೆ. ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. "ನೀನು ಬಾರಿಸಿ ಬಿಟ್ಟ ಮೇಲೆ ನಿನ್ನ ತಂಗಿ, ಆ ಕುಂಞಿ, ಬಾರಿಸ್ತಿತ್ತಲ್ಲ, ಅದೇ. ಪಕ್ಕದಲ್ಲೇ ಕೂತಿದ್ದೆ ನೀನು, ನಿಂಗೆ ಗೊತ್ತಿಲ್ವಾ?"

ಗೊತ್ತಿಲ್ಲ ಎಂದೆ. ರಸ್ತೆಯಲ್ಲಿ ಜನ ನೋಡುತ್ತಿದ್ದರು. ಅಣ್ಣ ಕೇಳಿಸಿಕೊಂಡ. ಮಾರನೆಯ ದಿನ ಕಚೇರಿಯಿಂದ ಬರುವಾಗ ಒಂದು ಕಟ್ಟು ಹೊಸ ತಂತಿ ತಂದು ನನ್ನ ಎದುರಿಗೆ ಇಟ್ಟು, "ಬೊಳ್ಳಮ್ಮನ್ನ ನಾಳೆ ಬರಕ್ಕೆ ಹೇಳಿದ್ದೀನಿ" ಎಂದ.

ಈಗ ಎರಡು ವಾರದಿಂದ ಅವರು ದಿನವೂ ಬರುತ್ತಿದ್ದಾರೆ. ಅವರಿಗೆ ಸ್ವರ ತಿಳಿಯದು. ಗುನುಗುತ್ತಾರೆ, ನಾನು ವೀಣೆಯ ಮೆಟ್ಟಿಲ ಮೇಲೆ ಹುಡುಕುತ್ತೇನೆ, ತಪ್ಪಿದರೆ ತಲೆಯಾಡಿಸಿ ಎಲೆಯಡಿಕೆ ಹಾಕಿಕೊಳ್ಳುತ್ತಾರೆ. ಮೊದಲ ಉತ್ತರಕ್ಕೆ ನಾಲ್ಕು ದಿನ ಹಿಡಿಯಿತು. ಎಷ್ಟು ತುಂಟತನವಿದೆ ಅದರಲ್ಲಿ! ನನ್ನ ಗಂಭೀರ ಪ್ರಶ್ನೆಯನ್ನು ಅವಳು ಅಣಕಿಸುತ್ತಿದ್ದಳು. ನಾನು ಬಾರಿಸುತ್ತ ಬಾರಿಸುತ್ತ ಜೋರಾಗಿ ನಕ್ಕುಬಿಟ್ಟೆ. ಎರಡನೆಯದು ನಿಧಾನ, ಅದರಲ್ಲಿ ನನ್ನನ್ನು ಸಮಾಧಾನ ಮಾಡುತ್ತಾಳೆ. ಅದು ನಿನ್ನೆ ಕೈಗೆ ಕೂತಿತು.

ಮೂರನೆಯದನ್ನು ಇವತ್ತು ಕೇಳಿದೆ. ಬೊಳ್ಳಮ್ಮ ಬಹಳ ಹೊತ್ತು ಯೋಚಿಸಿದರು. ಒಂದು ಥರ ಗುನುಗಿ, ಇದು ಎಂದರು. ಇನ್ನೊಂದು ಥರ ಗುನುಗಿ, ಅದೂ ಹೌದು ಎಂದರು. ಆಮೇಲೆ, "ಅದೊಂದು ಮಾತ್ರ ದಿನಕ್ಕೊಂದು ಥರ ಬಾರಿಸ್ತಿತ್ತು ಆ ಕುಂಞಿ. ಅವತ್ತು ಏನು ತೋಚ್ತೋ ಅದು. ನಿಮ್ಮಪ್ಪ ಬೈತಿರಲಿಲ್ಲ, ನಗ್ತಿದ್ರು" ಎಂದರು.

ಹಾಗಾದರೆ ಅದನ್ನು ಹೇಳಿಕೊಡುವವರು ಯಾರೂ ಇಲ್ಲ. ನಾನೇ ಬಾರಿಸಬೇಕು. ಬೆಳಿಗ್ಗೆ ಎದ್ದು ಕೂರುತ್ತೇನೆ.

ಗೋಮತಿ